ತಟ್ಟಿಯ ಆಚೆಯ ನಾಲ್ಕನೇ ಫಾರಂ

ಬೇಕಾಗಿದ್ದದ್ದು ಇಪ್ಪತ್ತು ಹುಡುಗಿಯರು. ಸಿಕ್ಕಿದ್ದು ಹತ್ತೊಂಬತ್ತು.

ಸಾವಿರದ ಒಂಬೈನೂರ ಐವತ್ತನೇ ಇಸವಿ, ಜೂನ್ ತಿಂಗಳು. ಚಾಮರಾಜಪೇಟೆಯ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿಗೆ ಹೈಸ್ಕೂಲು ತರಗತಿ ಸೇರಿಸಿಕೊಳ್ಳಲು ಇಲಾಖೆ ಕೊನೆಗೂ ಒಪ್ಪಿತ್ತು. ಆದರೆ ತಿಂಗಳ ಕೊನೆಗೆ ಇನ್‌ಸ್ಪೆಕ್ಟರು ಬಂದಾಗ ಹೈಸ್ಕೂಲಿನ ಮೊದಲ ತರಗತಿಯಾದ ನಾಲ್ಕನೇ ಫಾರಂನಲ್ಲಿ ಕಡೇಪಕ್ಷ ಇಪ್ಪತ್ತು ಮಂದಿ ಕೂತಿರಬೇಕು, ಇಲ್ಲದಿದ್ದರೆ ಇಲ್ಲ ಎಂದು ಕಾಗದದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆ ಕಾಗದ ಬಂದ ದಿನದಿಂದ ರುದ್ರಾಣಿಯ ಕಾಲು ಒಂದು ಕಡೆ ನಿಂತಿರಲಿಲ್ಲ.

ಆಕೆಗೆ ಮೂವತ್ತಾರು ವರ್ಷ. ಅದೇ ಸ್ಕೂಲಿನಲ್ಲಿ ಹದಿನೇಳು ವರ್ಷದಿಂದ ಪಾಠ ಹೇಳುತ್ತಿದ್ದಳು. ಪ್ರತಿ ವರ್ಷ ಮೂವತ್ತು ಹುಡುಗಿಯರು ಮಿಡ್ಲ್ ಸ್ಕೂಲು ಮುಗಿಸುವುದನ್ನೂ, ಅವರಲ್ಲಿ ನಾಲ್ಕೈದು ಮಂದಿ ಮಾತ್ರ ಮುಂದಕ್ಕೆ ಓದುವುದನ್ನೂ ನೋಡಿದ್ದಳು. ಹೈಸ್ಕೂಲು ಇದ್ದದ್ದು ದೂರದಲ್ಲಿ. ಮಾರ್ಕೆಟ್ಟಿನ ಗಾಡಿ, ಜನ, ಗೂಳಿಗಳ ನಡುವೆ ಹದಿಮೂರು ವರ್ಷದ ಹುಡುಗಿಯನ್ನು ದಿನಾ ಒಬ್ಬಳನ್ನೇ ಕಳಿಸಲು ಯಾವ ತಾಯಿಗೂ ಮನಸ್ಸು ಬರುತ್ತಿರಲಿಲ್ಲ. ಉಳಿದವರು ಮನೆಯಲ್ಲಿ ಊದುಬತ್ತಿ ಹೊಸೆಯುತ್ತಲೋ, ತಮ್ಮ ತಂಗಿಯರನ್ನು ಎತ್ತಿಕೊಂಡೋ ಎರಡು ವರ್ಷ ಕಳೆದು ಮದುವೆಯಾಗಿ ಹೋಗುತ್ತಿದ್ದರು. ಬಾಗಿಲಲ್ಲೇ ಹೈಸ್ಕೂಲು ಇದ್ದರೆ ಏನಾಗುತ್ತಿತ್ತು ಅನ್ನುವ ಯೋಚನೆ ಆಕೆಯನ್ನು ಎಷ್ಟೋ ವರ್ಷದಿಂದ ಕುಟುಕುತ್ತಿತ್ತು.

"ಕೂತ್ಕೊಂಡು ಒಂದು ಲೋಟ ಕಾಫಿ ಕುಡಿಯೋಕೂ ನಿನಗೆ ಪುರುಸೊತ್ತಿಲ್ವಲ್ಲೇ" ಎಂದ ಗಂಡ ರೇವಣಸಿದ್ದಯ್ಯ. ಅವನು ಅಲ್ಲೇ ಹತ್ತಿರದ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸದವನು. ಮಾತು ಕಡಿಮೆ, ಹೇಳಿದ್ದು ನೇರ.

"ಒಬ್ಬಳು ಸಿಕ್ಕಿಬಿಟ್ರೆ ಕೂತ್ಕೋತೀನಿ."

"ನೀನು ಕೂತ್ಕೊಳ್ಳೋಳಲ್ಲ ಬಿಡು" ಎಂದು ಅವನು ನಕ್ಕ. ಆಕೆ ಅಷ್ಟರಲ್ಲಿ ಚಪ್ಪಲಿ ಮೆಟ್ಟಿ ಬೀದಿಗೆ ಇಳಿದಿದ್ದಳು.

ಆ ಒಬ್ಬಳು ಯಾರೆಂಬುದು ರುದ್ರಾಣಿಗೆ ಗೊತ್ತಿತ್ತು. ಬಿನ್ನಿಪೇಟೆಯ ಅಕ್ಕಯಮ್ಮ. ಹಲಗೆಯ ಮೇಲೆ ಲೆಕ್ಕ ಬರೆದು ಮುಗಿಸುವಷ್ಟರಲ್ಲಿ ಉತ್ತರ ಹೇಳಿ, ಮಿಕ್ಕ ಹೊತ್ತಿನಲ್ಲಿ ಕಿಟಕಿಯ ಆಚೆ ನೋಡುತ್ತ ಕೂರುತ್ತಿದ್ದ ಹುಡುಗಿ. ಮೊದಲು ಎರಡು ಸಲ ಹೋದಾಗ ಅವಳ ತಂದೆ ದೊಡ್ಡಬೈರಪ್ಪ ಕೆಲಸದ ಮೇಲಿದ್ದ. ಮೂರನೇ ಸಲ ಸಿಕ್ಕಿದ. ಮಾಗಡಿ ಕಡೆಯ ಹಳ್ಳಿಯಿಂದ ಬಂದು ಮಿಲ್ಲಿನಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದ ಎತ್ತರದ ಆಳು. ತಲೆಗೂದಲಿನಲ್ಲಿ ಹತ್ತಿಯ ಎಳೆ ಇನ್ನೂ ಅಂಟಿಕೊಂಡಿತ್ತು. ಜಗಲಿಯ ಮೇಲೆ ಚಾಪೆ ಹಾಸಿ, ತಾನು ಕೆಳಗೆ ನಿಂತ.

ರುದ್ರಾಣಿ ಹೇಳಬೇಕಾದ್ದನ್ನೆಲ್ಲ ಹೇಳಿದಳು. ಅವನು ಅಡ್ಡಮಾತಾಡದೆ ಕೇಳಿದ. ಆಮೇಲೆ ಕೇಳಿದ:

"ಮೇಷ್ಟ್ರಮ್ಮ, ತಪ್ಪು ತಿಳ್ಕೋಬೇಡಿ. ನೀವು ಎಷ್ಟು ಓದಿದೀರಿ?"

"ನಾನಾ? ಲೋಯರ್ ಸೆಕೆಂಡರಿ ಪಾಸು ಮಾಡಿ ಟ್ರೈನಿಂಗ್ ಮಾಡ್ಕೊಂಡೆ."

"ಅಂದ್ರೆ ಈಗ ನಮ್ಮ ಅಕ್ಕಯ್ಯ ಪಾಸು ಮಾಡಿದಾಳಲ್ಲ, ಅದೇ ಪರೀಕ್ಷೆ?"

"ಹೂಂ. ಅದೇ."

"ಅಷ್ಟು ಓದಿ ನೀವು ಮೇಷ್ಟ್ರಮ್ಮ ಆದ್ರಿ. ಎಲ್ರೂ ಕೈ ಮುಗೀತಾರೆ. ಮತ್ತೆ ಇವಳಿಗೆ ಯಾಕೆ ಅದಕ್ಕಿಂತ ಜಾಸ್ತಿ?"

ಅವನ ಮಾತಿನಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳಿದ್ದ. ಬಾಗಿಲ ಸಂದಿಯಲ್ಲಿ ಅಕ್ಕಯಮ್ಮನ ಒಂದು ಕಣ್ಣು ಕಾಣುತ್ತಿತ್ತು. ರುದ್ರಾಣಿ ಎದ್ದು, "ಬರ್ತೀನಿ" ಎಂದಷ್ಟೇ ಹೇಳಿ ಹೊರಟಳು. ಮಿಲ್ಲಿನ ಗೋಡೆಯುದ್ದಕ್ಕೂ ನಡೆದಳು. ಗೋಡೆ ಮುಗಿದ ಕಡೆ ನಿಂತಳು. ಹತ್ತೊಂಬತ್ತು ಮನೆಗಳಲ್ಲಿ ಯಾರೂ ಕೇಳದಿದ್ದನ್ನು ಇವನು ಕೇಳಿದ್ದ. ಹದಿನೇಳು ವರ್ಷದಿಂದ ತನ್ನನ್ನು ತಾನೇ ಕೇಳಿಕೊಳ್ಳದಿದ್ದನ್ನು ಕೇಳಿದ್ದ.

ತಿರುಗಿ ಬಂದಳು. ದೊಡ್ಡಬೈರಪ್ಪ ಚಾಪೆ ಸುತ್ತುತ್ತಿದ್ದ.

"ನನಗೆ ಸಾಲದು ದೊಡ್ಡಬೈರಪ್ಪನವರೇ" ಎಂದಳು ಏದುಸಿರಿನಲ್ಲಿ. "ಹೈಸ್ಕೂಲು ಬಂದ್ರೆ ಅಲ್ಲಿ ನಾನು ಪಾಠ ಹೇಳೋ ಹಾಗಿಲ್ಲ. ಬಿ.ಎ. ಆಗಿರೋರು ಬರ್ತಾರೆ. ನಾನು ಕಲಿತಿದ್ದು ಅಲ್ಲಿಗೇ ನಿಂತೋಯ್ತು. ನಿಮ್ಮ ಮಗಳದ್ದು ಹಾಗಾಗೋದು ಬೇಡ."

"ನಿಮಗೆ ಸಾಲದು ಅಂದ್ರೆ ನೀವೂ ಓದ್ಬೇಕಾಗಿತ್ತಲ್ಲ?"

"ಓದ್ತೀನಿ. ಎಸ್.ಎಸ್.ಎಲ್.ಸಿ. ನಾನೂ ಕಟ್ತೀನಿ. ಇವಳ ಜೊತೆಗೇ."

ಮಾತು ಬಾಯಿಂದ ಬಿದ್ದ ಮೇಲೆ ತಾನು ಏನು ಹೇಳಿದೆನೆಂದು ಆಕೆಗೆ ಅರಿವಾಯಿತು. ದೊಡ್ಡಬೈರಪ್ಪ ಆಕೆಯ ಮುಖವನ್ನೇ ನೋಡಿದ.

"ನೀವು ಕಟ್ಟೋದು ನಿಜ ಆದ್ರೆ ಇವಳೂ ಬರ್ತಾಳೆ. ನೀವು ಬಿಟ್ಟ ದಿನ ಇವಳೂ ಬಿಡ್ತಾಳೆ" ಎಂದ.

ಇನ್‌ಸ್ಪೆಕ್ಟರು ಬಂದ ದಿನ ಇಪ್ಪತ್ತು ಹುಡುಗಿಯರಿದ್ದರು. ಹೈಸ್ಕೂಲು ಮಂಜೂರಾಯಿತು.

*

ಸ್ಕೂಲಿನ ಸಮಿತಿಯ ಅಧ್ಯಕ್ಷರು ಪರಮಶಿವಯ್ಯನವರು. ಪೇಟೆಯಲ್ಲಿ ತಲೆಮಾರುಗಳಿಂದ ಜವಳಿ ಅಂಗಡಿ ಇಟ್ಟಿದ್ದ ಮನೆತನ. ಹೈಸ್ಕೂಲಿಗೆ ಬೇರೆ ಕಟ್ಟಡ ಆಗುವವರೆಗೆ ಇರಲಿ ಎಂದು ಅವರು ದೊಡ್ಡ ಹಾಲಿಗೆ ಅಡ್ಡಲಾಗಿ ಒಂದು ಬಿದಿರಿನ ತಟ್ಟಿ ಕಟ್ಟಿಸಿದರು. ಈಚೆಗೆ ರುದ್ರಾಣಿಯ ಮಿಡ್ಲ್ ಸ್ಕೂಲು ತರಗತಿ, ಆಚೆಗೆ ನಾಲ್ಕನೇ ಫಾರಂ. ಆಚೆ ಪಾಠ ಹೇಳಲು ಹೊಸ ಮುಖ್ಯೋಪಾಧ್ಯಾಯಿನಿ ಶೈಲಜಮ್ಮ ಬಂದಳು. ಬಿ.ಎ., ಬಿ.ಟಿ. ಇಪ್ಪತ್ತೇಳರ ಪ್ರಾಯ, ತೆಳ್ಳಗಿನ ಕನ್ನಡಕ, ಬಸವನಗುಡಿಯಿಂದ ಸೈಕಲ್ಲಿನ ಮೇಲೆ ಬರುತ್ತಿದ್ದಳು. ಅದನ್ನು ನೋಡಲೆಂದೇ ಮೊದಲ ವಾರ ಬೀದಿಯವರು ಬಾಗಿಲಿಗೆ ಬರುತ್ತಿದ್ದರು.

ರುದ್ರಾಣಿ ಆಕೆಯ ಹತ್ತಿರ ಹೋಗಿ ನನಗೂ ಹೇಳಿಕೊಡಿ ಎನ್ನಬಹುದಾಗಿತ್ತು. ಹೋಗಲಿಲ್ಲ. ಈ ಹೈಸ್ಕೂಲಿಗಾಗಿ ಓಡಾಡಿ ಚಪ್ಪಲಿ ಸವೆಸಿದವಳು ತಾನು. ತನಗಿಂತ ಒಂಬತ್ತು ವರ್ಷ ಚಿಕ್ಕವಳ ಮುಂದೆ ಸ್ಲೇಟು ಹಿಡಿದು ನಿಲ್ಲುವುದೇ? ಮನೆಯಲ್ಲಿ ಪುಸ್ತಕ ತೆರೆದು ಕೂತರೆ ಬೀಜಗಣಿತದ ಮೊದಲ ಪುಟದಲ್ಲೇ ಅಕ್ಷರ ಅಂಕಿ ಕಲಸಿಹೋಗಿ ಎದ್ದು ಓಡಾಡುವ ಹಾಗಾಗುತ್ತಿತ್ತು. ಆಮೇಲೆ ಒಂದು ದಾರಿ ಕಂಡಿತು. ಆಚೆ ಲೆಕ್ಕದ ಪಾಠ ಶುರುವಾಗುವ ಹೊತ್ತಿಗೆ ಈಚೆ ತನ್ನ ಮಕ್ಕಳಿಗೆ ಕಾಪಿ ಬರೆಯಲು ಹೇಳಿ, ಕುರ್ಚಿಯನ್ನು ತಟ್ಟಿಯ ಪಕ್ಕಕ್ಕೆ ಎಳೆದುಕೊಂಡು ಕಿವಿಗೊಟ್ಟು ಕೂರುತ್ತಿದ್ದಳು.

ಎಷ್ಟೋ ದಿನ ಹಾಗೆ ನಡೆಯಿತು. ಅರ್ಧ ತಿಳಿಯುತ್ತಿತ್ತು, ಅರ್ಧ ತಿಳಿಯುತ್ತಿರಲಿಲ್ಲ. ಶೈಲಜಮ್ಮ ಹಲಗೆಯ ಮೇಲೆ ಬರೆದದ್ದು ಬಿದಿರಿನ ಈಚೆಗೆ ಕಾಣುವುದು ಹೇಗೆ? ಮಕ್ಕಳು ಒಂದೇ ಪಾಠವನ್ನು ನಾಲ್ಕು ಸಲ ಕಾಪಿ ಬರೆದು ಬೇಸತ್ತಿದ್ದರು. ಅದು ತಪ್ಪೆಂದು ರುದ್ರಾಣಿಗೂ ಗೊತ್ತಿತ್ತು. ದಿನಾ ನಾಳೆಯಿಂದ ಬಿಡಬೇಕು ಎಂದುಕೊಳ್ಳುತ್ತಿದ್ದಳು.

ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಆಚೆ ಶೈಲಜಮ್ಮ ತಡವರಿಸಿದಳು. ಆಕೆ ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ಹೇಳಿಕೊಡಬೇಕಾಗಿದ್ದದ್ದು ಕನ್ನಡದಲ್ಲಿ.

"ಮೊದಲು ಎರಡರ ಡಿನಾಮಿನೇಟರ್ ಒಂದೇ ಮಾಡ್ಕೋಬೇಕು. ಡಿನಾಮಿನೇಟರ್ ಅಂದ್ರೆ, ಅದು, ಗೆರೆ ಕೆಳಗಡೆ ಇರುತ್ತಲ್ಲ ಅದು. ಕನ್ನಡದಲ್ಲಿ ಅದಕ್ಕೆ..."

"ಛೇದ!" ಎಂದು ರುದ್ರಾಣಿ ಕೂಗಿಬಿಟ್ಟಳು.

ಆಚೆ ಇಪ್ಪತ್ತು ಹುಡುಗಿಯರು ಒಟ್ಟಿಗೆ ನಕ್ಕರು. ಈಚೆಯ ಮಕ್ಕಳು ಯಾಕೆಂದು ತಿಳಿಯದಿದ್ದರೂ ನಕ್ಕರು. ಶೈಲಜಮ್ಮ ತಟ್ಟಿ ಸುತ್ತಿಕೊಂಡು ಬಂದಾಗ ರುದ್ರಾಣಿ ಎದ್ದು ನಿಂತಿದ್ದಳು. ತೊಡೆಯ ಮೇಲಿದ್ದ ನೋಟ್‌ಬುಕ್ಕು ನೆಲಕ್ಕೆ ಬಿದ್ದು ಬಾಯಿ ತೆರೆದುಕೊಂಡಿತ್ತು. ಅದರ ತುಂಬ ಅರ್ಧಂಬರ್ಧ ಲೆಕ್ಕಗಳು. ಶೈಲಜಮ್ಮ ಬಗ್ಗಿ ಎತ್ತಿಕೊಂಡು ಒಂದೆರಡು ಪುಟ ತಿರುವಿ ನೋಡಿದಳು.

"ಸಾಯಂಕಾಲ ಸ್ವಲ್ಪ ಇರಿ" ಎಂದಳು, ಅಷ್ಟೇ.

ಸ್ಕೂಲು ಬಿಟ್ಟ ಮೇಲೆ ಇಬ್ಬರೇ ಉಳಿದರು. ರುದ್ರಾಣಿ ನಿಂತೇ ಇದ್ದಳು.

"ನಿಮ್ಮ ಮಕ್ಕಳನ್ನ ಸುಮ್ನೆ ಕೂರಿಸಿ ನನ್ನ ಪಾಠ ಕೇಳ್ತಿದ್ರಿ."

"ತಪ್ಪಾಯ್ತು."

"ತಪ್ಪೇ. ಆ ಮಕ್ಕಳಿಗೆ ಅನ್ಯಾಯ ಅದು." ಶೈಲಜಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ನನ್ನನ್ನ ಕೇಳಬಹುದಾಗಿತ್ತಲ್ಲ?"

"ನಾಚಿಕೆ ಆಯ್ತು."

"ನನಗೆ ದಿನಾ ನಾಚಿಕೆ ಆಗತ್ತೆ ರುದ್ರಾಣಮ್ಮ. ಬಾಯಿ ತೆಗೆದ್ರೆ ಕನ್ನಡ ಪದ ಬರಲ್ಲ. ಹುಡುಗಿಯರು ಮುಖ ಮುಖ ನೋಡ್ತಾರೆ. ಹಿಂದಿನ ದಿನ ಕೂತ್ಕೊಂಡು ಪದ ಹುಡುಕಿ ಬರ್ಕೊಂಡು ಬರ್ತೀನಿ, ಅಷ್ಟಾದ್ರೂ ಅಂಥ ಹೊತ್ತಿಗೆ ಕೈ ಕೊಡತ್ತೆ. ನೀವು ನನಗೆ ಪದ ಹೇಳಿ. ನಾನು ನಿಮಗೆ ಲೆಕ್ಕ ಹೇಳ್ತೀನಿ."

ಅಂದಿನಿಂದ ಭಾನುವಾರದ ಬೆಳಗ್ಗೆ ಮೂವರು ಸೇರತೊಡಗಿದರು: ಶೈಲಜಮ್ಮ, ರುದ್ರಾಣಿ, ಅಕ್ಕಯಮ್ಮ. ಬರುಬರುತ್ತಾ ಶೈಲಜಮ್ಮನಿಗೆ ಹೇಳುವುದು ಕಡಿಮೆಯಾಗಿ ಅಕ್ಕಯಮ್ಮನೇ ರುದ್ರಾಣಿಗೆ ಹೇಳಿಕೊಡುವ ಹಾಗಾಯಿತು. ಹುಡುಗಿಗೆ ತಾಳ್ಮೆ ಇರಲಿಲ್ಲ.

"ಅಯ್ಯೋ ಮಿಸ್, ಆಗ್ಲೇ ಹೇಳಿದ್ನಲ್ಲ. ಈ ಕಡೆಯಿಂದ ಆ ಕಡೆ ಹೋದ್ರೆ ಚಿಹ್ನೆ ಬದಲಾಗತ್ತೆ."

"ಯಾಕೆ ಬದಲಾಗತ್ತೆ?"

"ಅದು... ಬದಲಾಗತ್ತೆ ಅಷ್ಟೇ."

"ಯಾಕೆ ಅಂತ ಗೊತ್ತಾಗ್ದೆ ನಾನು ಹೇಗೆ ಮಾಡ್ಲಿ?" ಎಂದು ರುದ್ರಾಣಿ ರೇಗುತ್ತಿದ್ದಳು. ಆಗ ಇಬ್ಬರೂ ಸೇರಿ ಯಾಕೆಂದು ಹುಡುಕಬೇಕಾಗುತ್ತಿತ್ತು. ಕೆಲವು ಭಾನುವಾರ ಒಂದೇ ಲೆಕ್ಕದಲ್ಲಿ ಹನ್ನೊಂದು ಗಂಟೆಯಾಗುತ್ತಿತ್ತು.

*

ನಾಲ್ಕನೇ ಫಾರಂ ಮುಗಿಯಿತು, ಐದನೆಯದೂ ಮುಗಿಯಿತು. ಇಪ್ಪತ್ತು ಮಂದಿಯಲ್ಲಿ ಐವರು ಮದುವೆಯಾಗಿ ಹೋದರು, ಇಬ್ಬರ ತಂದೆಯರಿಗೆ ಬೇರೆ ಊರಿಗೆ ವರ್ಗವಾಯಿತು. ಒಂದೊಂದು ಹೆಸರು ಹಾಜರಿ ಪುಸ್ತಕದಿಂದ ಹೋದಾಗಲೂ ರುದ್ರಾಣಿ ಆ ಮನೆಗಳ ಮುಂದೆ ಸುಮ್ಮನೆ ಒಮ್ಮೆ ಹಾದು ಬರುತ್ತಿದ್ದಳು. ಏನು ಮಾಡಲೂ ಆಗುತ್ತಿರಲಿಲ್ಲ.

ಆರನೇ ಫಾರಂನ ನಡುವಿನಲ್ಲಿ, ಪರೀಕ್ಷೆಗೆ ಅರ್ಜಿ ಹಾಕುವ ಕಾಲ ಬಂದಾಗ, ಪರಮಶಿವಯ್ಯನವರು ಆಕೆಯನ್ನು ಕರೆಸಿದರು. ಒಳ್ಳೆಯ ಮನುಷ್ಯ, ಗದರುವ ಅಭ್ಯಾಸ ಇರಲಿಲ್ಲ. ಅದಕ್ಕೇ ಅವರ ಮಾತಿಗೆ ಎದುರಾಡುವುದು ಕಷ್ಟ.

"ರುದ್ರಾಣಮ್ಮನವರೇ, ನೀವೂ ಪರೀಕ್ಷೆ ಕಟ್ತೀರಂತೆ. ಸಂತೋಷ. ಆದ್ರೆ ಸ್ವಲ್ಪ ಯೋಚನೆ ಮಾಡಿ. ನಮ್ಮ ಹುಡುಗಿಯರು ಪಾಸಾಗಿ ನೀವು ಫೇಲಾದ್ರೆ? ಪೇಟೇಲಿ ಜನ ಏನಂತಾರೆ? ಫೇಲಾದೋರ ಹತ್ರ ಮಕ್ಕಳನ್ನ ಕಳಿಸ್ತೀವಾ ಅಂತಾರೆ."

"ಅನ್ನಬಹುದು ಯಜಮಾನರೇ."

"ಈ ವರ್ಷ ಬೇಡ. ಮೊದಲನೇ ತಂಡ ಹೊರಗೆ ಬರ್ಲಿ. ಮುಂದೆ ನೋಡೋಣ."

ಆಕೆ ಎದ್ದು ಬಂದಳು. ಮೂರು ದಿನ ಅನ್ನ ಸೇರಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಫೇಲಾಗುವ ಭಯ ಆಕೆಗೇ ಎಲ್ಲರಿಗಿಂತ ಹೆಚ್ಚಾಗಿತ್ತು. ಬೇಡ ಎನ್ನಲು ಒಂದು ಮರ್ಯಾದೆಯ ನೆಪ ಸಿಕ್ಕಿತಲ್ಲ ಎಂದು ಮನಸ್ಸಿನ ಒಂದು ಮೂಲೆ ಹಗುರವೂ ಆಗಿತ್ತು, ಅದೇ ಆಕೆಯನ್ನು ಹೆಚ್ಚು ಚುಚ್ಚುತ್ತಿತ್ತು.

ನಾಲ್ಕನೇ ದಿನ ಸ್ಕೂಲಿನ ಗೇಟಿನ ಹತ್ತಿರ ದೊಡ್ಡಬೈರಪ್ಪ ನಿಂತಿದ್ದ. ಮಿಲ್ಲಿನಿಂದ ನೇರ ಬಂದಿದ್ದ.

"ಅಕ್ಕಯ್ಯನಿಗೆ ಒಂದು ಕಡೆ ಕೇಳಿದಾರೆ ಮೇಷ್ಟ್ರಮ್ಮ. ಹುಡುಗ ರೈಲ್ವೇಲಿ ಫಿಟ್ಟರು. ಮಾಘದಲ್ಲಿ ಮಾಡ್ಕೊಡಿ ಅಂತಾರೆ."

"ಮಾರ್ಚಿಗೆ ಪರೀಕ್ಷೆ ಇದೆ."

"ಅದನ್ನೇ ಕೇಳೋಕೆ ಬಂದೆ. ನೀವು ಕಟ್ತೀರೋ ಇಲ್ವೋ?"

ರುದ್ರಾಣಿ ಅವನನ್ನು ಅಲ್ಲೇ ನಿಲ್ಲಿಸಿ ಒಳಗೆ ಹೋದಳು. ಶೈಲಜಮ್ಮ ಹುಡುಗಿಯರ ಅರ್ಜಿಗಳನ್ನು ಜೋಡಿಸುತ್ತಿದ್ದಳು.

"ನನಗೂ ಒಂದು ಫಾರಂ ಕೊಡಿ."

"ಅಧ್ಯಕ್ಷರು ಬೇಡ ಅಂದ್ರಂತೆ?"

"ಅಂದ್ರು. ಫೇಲಾದ್ರೆ ನನ್ನ ಹೆಸರು ಕೆಡತ್ತೆ. ಕಟ್ಟದೇ ಹೋದ್ರೆ ಆ ಹುಡುಗಿ ಓದು ನಿಲ್ಲತ್ತೆ. ನೀವು ಸಹಿ ಹಾಕ್ತೀರಾ ಇಲ್ವಾ?"

ಶೈಲಜಮ್ಮನ ಕೆಲಸವೂ ಪರಮಶಿವಯ್ಯನವರ ಕೈಯಲ್ಲೇ ಇತ್ತು. ಆದರೂ ಮಸಿಕುಡಿಕೆಯ ಮುಚ್ಚಳ ತೆಗೆದಳು. "ಖಾಸಗಿ ಅಭ್ಯರ್ಥಿ ಅರ್ಜಿಗೆ ಮುಖ್ಯೋಪಾಧ್ಯಾಯಿನಿ ಸಹಿ ಸಾಕು. ಅಧ್ಯಕ್ಷರಿಗೆ ನಾನೇ ಹೇಳ್ತೀನಿ."

ಮಸಿ ಆರುವ ಮೊದಲೇ ರುದ್ರಾಣಿ ಆ ಕಾಗದವನ್ನು ಗೇಟಿಗೆ ತಂದಳು. ದೊಡ್ಡಬೈರಪ್ಪನಿಗೆ ಓದಲು ಬರುತ್ತಿರಲಿಲ್ಲ. ಅವನು ಮಗಳನ್ನು ಕರೆದ. ಅಕ್ಕಯಮ್ಮ ಬಂದು ಗಟ್ಟಿಯಾಗಿ ಓದಿದಳು: ಅಭ್ಯರ್ಥಿಯ ಹೆಸರು, ಗಂಡನ ಹೆಸರು, ವಯಸ್ಸು ಮೂವತ್ತೆಂಟು. ವಯಸ್ಸು ಓದುವಾಗ ಅವಳಿಗೆ ನಗು ಬಂತು. ತಂದೆ ನಗಲಿಲ್ಲ.

"ಸರಿ. ವೈಶಾಖಕ್ಕೆ ಇಟ್ಕೋತೀವಿ ಅಂತೀನಿ. ಒಪ್ಪಿದ್ರೆ ಒಪ್ಪಲಿ, ಇಲ್ಲದಿದ್ರೆ ಬೇರೆ ಗಂಡು" ಎಂದು ಹೇಳಿ ಹೊರಟುಹೋದ. ಗಂಡಿನ ಕಡೆಯವರು ಒಪ್ಪಲಿಲ್ಲ. ಆ ಸಂಬಂಧ ತಪ್ಪಿಹೋಯಿತು. ಅಕ್ಕಯಮ್ಮನ ತಾಯಿ ಅದಾದ ಮೇಲೆ ಬಹಳ ದಿನ ರುದ್ರಾಣಿಯನ್ನು ಮಾತಾಡಿಸಲಿಲ್ಲ.

ಪರೀಕ್ಷೆ ಬಸವನಗುಡಿಯಲ್ಲಿ. ಹದಿಮೂರು ಹುಡುಗಿಯರ ಜೊತೆ ರುದ್ರಾಣಿಯೂ ಬೆಂಚಿನ ಮೇಲೆ ಕೂತಳು. ಕಾವಲಿಗಿದ್ದ ಮೇಷ್ಟರೊಬ್ಬರು, "ತಾಯಂದಿರು ಹೊರಗೆ ಇರಬೇಕಮ್ಮ" ಎಂದರು. ಆಕೆ ಹಾಲ್ ಟಿಕೆಟ್ ತೋರಿಸಿದಳು. ಅವರು ಅದನ್ನು ಎರಡು ಸಲ ಓದಿ, ಆಕೆಯ ಬೆಂಚು ಅಲ್ಲಾಡುತ್ತಿರುವುದನ್ನು ಗಮನಿಸಿ, ಅದರ ಕಾಲಿನಡಿ ಕಾಗದ ಮಡಿಸಿ ಇಟ್ಟರು. ಲೆಕ್ಕದ ಪತ್ರಿಕೆಯ ದಿನ ಏಳು ಪ್ರಶ್ನೆಗಳಲ್ಲಿ ಐದನ್ನು ಮಾಡಿದಳು. ಹೊರಗೆ ಬಂದಾಗ ಅಕ್ಕಯಮ್ಮ ಓಡಿ ಬಂದು ಉತ್ತರ ಕೇಳಿದಳು. ಐದರಲ್ಲಿ ನಾಲ್ಕು ಸರಿಯಾಗಿದ್ದವು. ಮೂರು ವರ್ಷದಲ್ಲಿ ಮೊದಲ ಸಲ ರುದ್ರಾಣಿ ಒಂದು ಕಲ್ಲುಬೆಂಚಿನ ಮೇಲೆ ಕಾಲು ಚಾಚಿ ಸುಮ್ಮನೆ ಕೂತಳು.

ಮೇ ತಿಂಗಳಲ್ಲಿ ದಿನಪತ್ರಿಕೆಯಲ್ಲಿ ಪಾಸಾದವರ ಸಂಖ್ಯೆಗಳು ಬಂದವು. ರೇವಣಸಿದ್ದಯ್ಯ ಮೊಳೆ ಓದಿ ಪಳಗಿದ ಕಣ್ಣಿನಿಂದ ಸಾಲು ಸಾಲಾಗಿ ಬೆರಳಿಟ್ಟು ನೋಡಿದ. ಹದಿಮೂರು ಹುಡುಗಿಯರಲ್ಲಿ ಒಂಬತ್ತು ಮಂದಿ ಪಾಸಾಗಿದ್ದರು. ಅಕ್ಕಯಮ್ಮನದು ಮೊದಲ ದರ್ಜೆ. ರುದ್ರಾಣಿಯ ಸಂಖ್ಯೆ ಇರಲಿಲ್ಲ. ಅವನು ಮತ್ತೊಮ್ಮೆ ಮೇಲಿನಿಂದ ನೋಡಿದ.

"ಇಲ್ಲ" ಎಂದ.

"ಸರಿಯಾಗಿ ನೋಡಿದ್ರಾ?"

"ನಾನು ನೋಡಿದ್ರೆ ತಪ್ಪಲ್ಲ ಕಣೇ."

ಅಂಕಪಟ್ಟಿ ಬಂದಾಗ ಗೊತ್ತಾಯಿತು, ಲೆಕ್ಕದಲ್ಲಿ ಪಾಸಾಗಿದ್ದಳು. ಹೋಗಿದ್ದು ಇಂಗ್ಲಿಷಿನಲ್ಲಿ, ನಾಲ್ಕು ಅಂಕಗಳಿಗೆ. ಲೆಕ್ಕದ ಭಯದಲ್ಲಿ ಮೂವರೂ ಇಂಗ್ಲಿಷನ್ನು ಮರೆತೇಬಿಟ್ಟಿದ್ದರು.

ಜೂನಿನಲ್ಲಿ ಸ್ಕೂಲು ತೆರೆದಾಗ ಮಕ್ಕಳು ಪಿಸುಗುಟ್ಟಿದರು. ಇಬ್ಬರು ತಾಯಂದಿರು ತಮ್ಮ ಹುಡುಗಿಯರನ್ನು ಬೇರೆ ತರಗತಿಗೆ ಹಾಕಿರೆಂದು ಕೇಳಿಕೊಂಡರು. ಪರಮಶಿವಯ್ಯನವರು ನಾನು ಹೇಳಿದ್ದೆನಲ್ಲ ಎಂದು ಒಂದು ಸಲವೂ ಅನ್ನಲಿಲ್ಲ. ಬದಲಿಗೆ, ಸ್ಕೂಲಿನ ಪ್ರೈಮರಿ ತರಗತಿಗಳಲ್ಲಿ ಖಾಲಿಯಿದ್ದ ಜಾಗಕ್ಕೆ ಅಕ್ಕಯಮ್ಮನನ್ನು ನೇಮಿಸಿದರು. ಎಸ್.ಎಸ್.ಎಲ್.ಸಿ. ಆದವಳು, ಹದಿನಾರು ವರ್ಷಕ್ಕೇ ಕಾಗದದ ಮೇಲೆ ರುದ್ರಾಣಿಗಿಂತ ಮೇಲಿನ ದರ್ಜೆ.

ಆ ಸುದ್ದಿ ಕೇಳಿದಾಗ ರುದ್ರಾಣಿಯ ಎದೆಯಲ್ಲಿ ಎರಡು ಉರಿ ಒಟ್ಟಿಗೆ ಹತ್ತಿದವು. ಒಂದು ಹೆಮ್ಮೆ. ಇನ್ನೊಂದಕ್ಕೆ ಹೆಸರಿಡಲು ಆಕೆಗೆ ಇಷ್ಟವಿರಲಿಲ್ಲ. ಮನೆಗೆ ಬಂದು ಗಂಡನಿಗೆ ಹೇಳಿದಳು.

"ನಿನಗೆ ಹೊಟ್ಟೆಕಿಚ್ಚು" ಎಂದ ಅವನು.

"ಹೌದು" ಎಂದಳು. ಹೇಳಿದ ಮೇಲೆ ಸ್ವಲ್ಪ ಉಸಿರಾಡಲು ಆಯಿತು.

ಸೆಪ್ಟೆಂಬರಿನಲ್ಲಿ ಮತ್ತೆ ಕಟ್ಟಿದಳು. ಇಂಗ್ಲಿಷ್ ಪತ್ರಿಕೆಯ ದಿನ ಆಕೆಯ ತರಗತಿಯ ಮಕ್ಕಳನ್ನು ನೋಡಿಕೊಂಡವಳು ಅಕ್ಕಯಮ್ಮ. ಈ ಸಲ ಸಂಖ್ಯೆ ಪತ್ರಿಕೆಯಲ್ಲಿ ಇತ್ತು, ಕೊನೆಯ ದರ್ಜೆಯ ಸಾಲಿನಲ್ಲಿ. ರೇವಣಸಿದ್ದಯ್ಯ ಅದರ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, ಪತ್ರಿಕೆ ಮಡಿಸಿ, ಸಂಪಿಗೆ ಹೂವು ತರಲು ಮಾರ್ಕೆಟ್ಟಿಗೆ ಹೋದ.

ಅದರ ಮರುದಿನ ಸ್ಕೂಲಿನಲ್ಲಿ ಅಭಿನಂದನೆ ಹೇಳುವವರ ನಡುವೆ ಅಕ್ಕಯಮ್ಮ ಕಾಣಲಿಲ್ಲ. ರುದ್ರಾಣಿ ಹುಡುಕಿಕೊಂಡು ಹೋದಳು. ಒಂದನೇ ತರಗತಿಯ ಕೋಣೆಯಿಂದ ಸಂತೆಯ ಗದ್ದಲ ಕೇಳುತ್ತಿತ್ತು. ನಲವತ್ತು ಮಕ್ಕಳು ಬೆಂಚು ಹತ್ತಿ ಇಳಿದು ಕುಣಿಯುತ್ತಿದ್ದರು. ಅಕ್ಕಯಮ್ಮ ಹಲಗೆಯ ಕಡೆ ಮುಖ ಮಾಡಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಹಲಗೆಯ ತುಂಬ ಎಷ್ಟು ಚೆಂದದ ಲೆಕ್ಕ! ಒಂದು ಮಗುವೂ ನೋಡುತ್ತಿರಲಿಲ್ಲ.

"ನಾಲ್ಕು ತಿಂಗಳಿಂದ ಹೀಗೇ ಮಿಸ್" ಎಂದಳು. "ನನಗೆ ಬರೋದೆಲ್ಲ ಹೇಳ್ತೀನಿ. ಯಾರೂ ಕೇಳಲ್ಲ. ನಾನು ಬಿಟ್ಬಿಡ್ತೀನಿ."

"ಮಿಸ್ ಅನ್ಬೇಡ. ನೀನೂ ಮಿಸ್ಸೇ ಈಗ."

ರುದ್ರಾಣಿ ಒಳಗೆ ಬಂದು ಬಾಗಿಲು ಹಾಕಿಕೊಂಡಳು. ಗದರಲಿಲ್ಲ. ಹಲಗೆಯ ಮೇಲಿನ ಲೆಕ್ಕವನ್ನೆಲ್ಲ ಒರೆಸಿದಳು. ಎಲ್ಲರಿಗಿಂತ ಜೋರಾಗಿ ಕಿರುಚುತ್ತಿದ್ದ ಒಬ್ಬ ಪುಟ್ಟಿಯ ಹತ್ತಿರ ಹೋಗಿ ಬಗ್ಗಿ, ಬಹಳ ಮೆಲ್ಲಗೆ, ಗುಟ್ಟು ಹೇಳುವ ಹಾಗೆ ಏನನ್ನೋ ಕೇಳಿದಳು. ಪುಟ್ಟಿ ಬಾಯಿ ಮುಚ್ಚಿ ಬೆರಳು ಎಣಿಸತೊಡಗಿದಳು. ಪಕ್ಕದವಳಿಗೆ ಏನು ಕೇಳಿದರೆಂದು ತಿಳಿಯಬೇಕಾಯಿತು. ಅವಳ ಪಕ್ಕದವಳಿಗೂ.

"ಬಾ ಇಲ್ಲಿ" ಎಂದು ರುದ್ರಾಣಿ ಅಕ್ಕಯಮ್ಮನ ಕೈ ಹಿಡಿದು ಬೆಂಚುಗಳ ನಡುವೆ ಕರೆತಂದಳು. "ಹಲಗೆ ಹತ್ರ ನಿಂತ್ಕೊಂಡ್ರೆ ಆಗಲ್ಲ. ನೋಡು, ಇವರ ಜೊತೆ ಓಡಾಡ್ತಾ ಇರಬೇಕು."